ನೀರು ಮಾತ್ರ ಬಿಡಬೇಡವ್ವಾ

ಸುಧಾ, ನಾನು ಕಾಕಾ ಮಾತಾಡ್ತಿದ್ದೇನೆ. ಸೂಪರ್ ಮಾರ್ಕೆಟಿನಲ್ಲಿ ನಿಂತಿದ್ದೇನೆ, ಆಟೋಗಳ ಗದ್ದಲ ಬಹಳ, ಅದಕ್ಕೇ ಸ್ವಲ್ಪ ಜೋರಾಗಿ ಹೇಳ್ತೀನಿ. ಬೆಳಿಗ್ಗೆ ನೀನು ಗ್ರೂಪಿನಲ್ಲಿ ಹಾಕಿದ್ದು ಓದಿದೆ. ನಾಲ್ಕು ದಿನ ಜಿಮ್‌ನಲ್ಲಿ ಬೈಠಕ್ ಹೊಡೆದು ಮೆಟ್ಟಿಲು ಇಳಿಯೋಕೂ ಆಗ್ತಿಲ್ಲ, ಆದರೂ ತೂಕ ಒಂದೂವರೆ ಕೆಜಿ ಜಾಸ್ತಿ ಬಂದಿದೆ, ಇವತ್ತಿನಿಂದ ನೀರು ಕಮ್ಮಿ ಮಾಡ್ತೀನಿ ಅಂತ ಬರೆದಿದ್ದಿ. ಆ ಕೊನೆಯ ಮಾತು ಓದಿ ನನ್ನ ಚಹಾ ಕೈಯಲ್ಲೇ ಆರಿತು. ನೀರು ಬಿಡಬೇಡ. ಈ ಬಿಸಿಲಲ್ಲಿ ಯಾರಾದರೂ ನೀರು ಬಿಡ್ತಾರಾ?

ನನ್ನ ಕಥೆ ನಿಮ್ಮಪ್ಪನಿಗೆ ಗೊತ್ತು, ನಿನಗೆ ಹೇಳಿರಲಿಕ್ಕಿಲ್ಲ. ನನಗಾಗ 22 ವರ್ಷ. ಊರ ಜಾತ್ರೆಯ ಕುಸ್ತಿ. ಆ ಸಲ ತೂಕ ನೋಡಿ ಜೋಡಿ ಹಾಕ್ತೀವಿ ಅಂದರು. ನನ್ನ ತೂಕಕ್ಕೆ ಬಂದ ಪೈಲ್ವಾನ ಕೋಣನಂಥವನು. ಎರಡು ಕೆಜಿ ಇಳಿಸಿದರೆ ಕೆಳಗಿನ ಜೋಡಿ ಸಿಗುತ್ತೆ ಅಂತ ತಾಲೀಮಿನ ಹುಡುಗರು ತಲೆಗೆ ತುಂಬಿದರು. ಮೈಮೇಲೆ ಕಂಬಳಿ ಹೊದ್ದು ಮಟಮಟ ಮಧ್ಯಾಹ್ನ ಓಡಿದೆ. ಒಂದು ಹನಿ ನೀರು ಕುಡಿಯಲಿಲ್ಲ. ಸಂಜೆ ಕಾಳು ಕೊಳ್ಳುವ ಅಡತಿ ಅಂಗಡಿಯ ತೂಕದ ಕಾಟಾ ಮೇಲೆ ನಿಂತರೆ ಎರಡು ಕೆಜಿ ಮಾಯ! ಮೀಸೆ ತಿರುವಿದೆ. ಕಾಟಾದಿಂದ ಇಳಿಯುವಷ್ಟರಲ್ಲಿ ಕಣ್ಣು ಕತ್ತಲಾಗಿ ತೊಗರಿ ಚೀಲಗಳ ಮೇಲೆ ಬಿದ್ದೆ. ಮೀನಖಂಡ ಹಗ್ಗ ಹೊಸೆದಂತೆ ಸೆಳೆಯುತ್ತಿತ್ತು. ನಿಮ್ಮಪ್ಪ ಆಗ ಹುಡುಗ, ಅಳುತ್ತಾ ಸೈಕಲ್ ಮೇಲೆ ದವಾಖಾನೆಗೆ ತಂದ. ಸಲೈನ್ ಹಚ್ಚಿದರು.

ಮರುದಿನ ಅದೇ ಕಾಟಾ ಹತ್ತಿದರೆ ಆ ಎರಡು ಕೆಜಿ ವಾಪಸ್ ಬಂದು ಕೂತಿದೆ! ಹೋಗಿದ್ದು ಕೊಬ್ಬಲ್ಲವ್ವಾ, ಬೆವರು. ಒಂದು ಲೀಟರ್ ಬೆವರು ಹೋದರೆ ಕಾಟಾದಲ್ಲಿ ಒಂದು ಕೆಜಿ ಕಮ್ಮಿ, ಅಷ್ಟೇ. ಕುಸ್ತಿಯೂ ಹೋಯಿತು, ಬೆಳ್ಳಿ ಕಡಗವೂ ಹೋಯಿತು. ಅದಕ್ಕೇ ಮತ್ತೊಮ್ಮೆ ಹೇಳ್ತೀನಿ, ನೀರು ಬಿಡಬೇಡ.

ಆ ಕಾಟಾದ ಮಾತು ಬಂತು ನೋಡು, ಹೊಟ್ಟೆ ಉರಿಯುತ್ತೆ. ಅದೇ ಅಡತಿಯವನು ನಮ್ಮ ತೊಗರಿ ಹೋದಾಗಲೆಲ್ಲ ಬೆರಳಲ್ಲಿ ನಾಲ್ಕು ಕಾಳು ಒತ್ತಿ "ಹಸಿ ಇದೆ" ಅನ್ನುತ್ತಿದ್ದ. ಕ್ವಿಂಟಲ್‌ಗೆ ಎರಡು ಕೆಜಿ ಕಡಿತ. ನಮ್ಮ ಅಪ್ಪ ಹತ್ತು ದಿನ ಅಂಗಳದಲ್ಲಿ ಒಣಗಿಸಿ ಒಯ್ದರೂ ಹಸಿಯೇ! ಈಗ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನೋ ಸರ್ಕಾರದ ಗುರುತು, ಬಂದಿದೆ ಅಂತ ಎಲ್ಲರೂ ಎದೆ ಉಬ್ಬಿಸ್ತಾರೆ. ಆ ಎರಡೆರಡು ಕೆಜಿಯ ಲೆಕ್ಕ ನಮಗೆ ಯಾರು ಕೊಟ್ಟರು? ನಿಮ್ಮಪ್ಪನೂ ಆಗ ಆ ಅಡತಿಯವನ ಪರವಾಗಿಯೇ ಮಾತಾಡಿದ್ದ, ಇರಲಿ ಬಿಡು. ಗ್ರೂಪಿನಲ್ಲಿ ನಿಮ್ಮಪ್ಪನೂ ಕೇಳ್ತಿರ್ತಾನೆ, ಕೇಳಲಿ.

ಹಾಂ, ನಿನ್ನ ಮಾತು ಮರೆತೇಬಿಟ್ಟೆ. ನಮ್ಮ ಅಕ್ಕನ ಮಗಳು ನರ್ಸ್ ಇದ್ದಾಳಲ್ಲ, ಅವಳನ್ನು ಈಗಷ್ಟೇ ಕೇಳಿದೆ. ರೂಢಿ ಇಲ್ಲದ ಮೈಗೆ ಒಮ್ಮೆಲೇ ಜೋರು ಕೆಲಸ ಕೊಟ್ಟರೆ ಸ್ನಾಯು ಒಳಗೇ ಸಣ್ಣಗೆ ಹರಿಯುತ್ತೆ, ಬಾತುಕೊಳ್ಳುತ್ತೆ, ನೀರು ಹಿಡಿಯುತ್ತೆ. ಅದರ ಮೇಲೆ ನೀನು ತಿಂದ ರೊಟ್ಟಿ, ಅನ್ನ ಗ್ಲೈಕೋಜನ್ ಅನ್ನೋ ಸಕ್ಕರೆಯ ದಾಸ್ತಾನಾಗಿ ಸ್ನಾಯುವಿನಲ್ಲಿ ಕೂರುತ್ತೆ, ಅದು ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಜೊತೆಗಿಟ್ಟುಕೊಳ್ಳುತ್ತೆ. ನಾಲ್ಕು ದಿನಕ್ಕೆ ಒಂದೂವರೆ ಕೆಜಿ ಕೊಬ್ಬು ಏರುತ್ತಾ, ಹುಚ್ಚಿ? ನೋವು ಇಳಿದ ಹಾಗೆ ಈ ತೂಕವೂ ಇಳಿಯುತ್ತೆ, ಕೆಲವು ದಿನ ತಡಿ.

ದಿನಕ್ಕೆ ನಾಲ್ಕು ಸಲ ಕಾಟಾ ಹತ್ತಬೇಡ. ಬೆಳಿಗ್ಗೆ ಸಂಡಾಸಿಗೆ ಹೋಗಿ ಬಂದ ಮೇಲೆ, ಚಹಾಕ್ಕೂ ಮುಂಚೆ, ಪ್ರತಿ ಸಲ ಒಂದೇ ಕಾಟಾ ಮೇಲೆ, ವಾರಕ್ಕೊಮ್ಮೆ ಸಾಕು. ಬಾಯಾರಿದಂತೆಲ್ಲ ನೀರು ಕುಡಿ, ಬಹಳ ಬೆವರಿದ ದಿನ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ಹಾಗಂತ ಕೊಡಗಟ್ಟಲೆ ಬರೀ ನೀರು ಸುರಿದುಕೊಳ್ಳಬೇಡ, ಅದೂ ಕೆಟ್ಟದ್ದು. ಇನ್ನೊಂದು, ಇದು ನಗುವ ಮಾತಲ್ಲ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ, ಇಲ್ಲಾ ಕಾಲು ಎತ್ತೋಕೂ ಆಗದಷ್ಟು ಸೋತರೆ, ನನಗೆ ಫೋನ್ ಮಾಡುತ್ತಾ ಕೂರಬೇಡ, ಸೀದಾ ದವಾಖಾನೆಗೆ ಹೋಗು, ಆಮೇಲೆ ತಿಳಿಸು.

ಆಟೋ ಬಂತು, ಇಡ್ತೀನಿ. ನಿಮ್ಮವ್ವನಿಗೆ ಹೇಳು, ಶೇಂಗಾ ಹಿಂಡಿ ಡಬ್ಬಿ ಖಾಲಿ ಆಗಿದೆ.