350ರಿಂದ 383: ಸ್ಟ್ರೋಕರ್ ಇಂಜಿನ್‌ಗೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬಹುದು?

ಕೇಳಿದವರು: ನನ್ನ ಹತ್ತಿರ ಷೆವ್ರೊಲೆ ಸ್ಮಾಲ್ ಬ್ಲಾಕ್ 350 (350 ಘನ ಇಂಚಿನ V8 ಇಂಜಿನ್) ಇದೆ. ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನದು, ಅಂದರೆ 1986ಕ್ಕೆ ಮುಂಚಿನ ಬ್ಲಾಕ್. ಸಿಲಿಂಡರನ್ನು 30 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಬೋರ್ ಮಾಡಿಸಿ, 3.75 ಇಂಚು ಸ್ಟ್ರೋಕ್‌ನ ಕ್ರ್ಯಾಂಕ್ ಹಾಕಿ 383 ಮಾಡಬೇಕು ಅಂತ ಆಸೆ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಹೆಚ್ಚಿಸಿದ ಇಂಥ ಇಂಜಿನ್ನಿಗೇ ಸ್ಟ್ರೋಕರ್ ಅನ್ನುವುದು. ಎರಡು ಕಿಟ್ ನೋಡಿದ್ದೇನೆ. ಒಂದರಲ್ಲಿ ಎರಕದ ಕ್ರ್ಯಾಂಕ್, ಹೈಪರ್‌ಯುಟೆಕ್ಟಿಕ್ ಪಿಸ್ಟನ್. ಇನ್ನೊಂದರಲ್ಲಿ ಎಲ್ಲವೂ ಫೋರ್ಜ್ಡ್ (ಎರಕ ಹೊಯ್ಯದೆ, ಲೋಹವನ್ನು ಒತ್ತಿ ರೂಪಿಸಿದ್ದು), ಬೆಲೆ ಹೆಚ್ಚುಕಡಿಮೆ ಎರಡರಷ್ಟು. ಗಾಡಿ ಓಡುವುದು ಜಾಸ್ತಿ ರಸ್ತೆಯಲ್ಲೇ, ಅಪರೂಪಕ್ಕೆ ಡ್ರ್ಯಾಗ್ ಸ್ಟ್ರಿಪ್. ಟರ್ಬೊ, ನೈಟ್ರಸ್ (ಶಕ್ತಿ ಏರಿಸಲು ಇಂಜಿನ್ನಿಗೆ ಬಿಡುವ ಗ್ಯಾಸ್) ಯಾವುದೂ ಇಲ್ಲ. ಸಿಲಿಂಡರ್ ಹೆಡ್ (ವಾಲ್ವ್ ಇರುವ ಮೇಲಿನ ಭಾಗ) ಹಳೆಯದೇ ಇಟ್ಟುಕೊಳ್ಳುವ ಯೋಚನೆ. ಕಟ್ಟಿ ನೋಡಿದವರು ಸ್ವಲ್ಪ ಹೇಳಿ.

ಮೊದಲ ಉತ್ತರ: ಸರ್, ಕಿಟ್ ಆಮೇಲೆ ನೋಡೋಣ. ಇಂಜಿನ್ ಎಷ್ಟು ಆರ್‌ಪಿಎಂ ತಿರುಗಬೇಕು ಅಂತ ಮೊದಲು ತೀರ್ಮಾನ ಮಾಡಿ. ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ. 350ರ ಸ್ಟ್ರೋಕ್ 3.48 ಇಂಚು. 6000 ಆರ್‌ಪಿಎಂನಲ್ಲಿ ಅದರ ಪಿಸ್ಟನ್ ಸರಾಸರಿ ವೇಗ ಸೆಕೆಂಡಿಗೆ ಸುಮಾರು 17.7 ಮೀಟರ್. 3.75 ಇಂಚಿಗೆ ಹೋದರೆ 19 ಮೀಟರ್ ದಾಟುತ್ತದೆ. ಇದು ಅಷ್ಟೇನೂ ಹೆದರುವ ಅಂಕಿ ಅಲ್ಲ. ಹೆದರಬೇಕಾದ್ದು ಆರ್‌ಪಿಎಂಗೆ. ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ತುಂಡು) ಮೇಲಿನ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 5500 ಬದಲು 6500 ಅಂದರೆ ಎಳೆತ ಹತ್ತಿರ ಹತ್ತಿರ 40% ಜಾಸ್ತಿ.

ಈ ಎಳೆತವನ್ನು ತಡೆಯುವುದು ರಾಡ್ ಬೋಲ್ಟ್. ಅದಕ್ಕೆ ತುಂಬ ಕಷ್ಟ ಆಗುವುದು ಪೆಟ್ರೋಲ್ ಹೊತ್ತಿದಾಗ ಅಲ್ಲ, ಎಕ್ಸಾಸ್ಟ್ ಸ್ಟ್ರೋಕ್ ಮುಗಿದು ಪಿಸ್ಟನ್ ಮೇಲೆ ಬಂದು ನಿಲ್ಲುವಾಗ. ಆಗ ಪಿಸ್ಟನ್ನನ್ನು ಕೆಳಗೆ ಒತ್ತಿ ಹಿಡಿಯುವ ಗ್ಯಾಸ್ ಇರುವುದಿಲ್ಲ, ಪೂರ್ತಿ ಭಾರ ಬೋಲ್ಟ್ ಮೇಲೆ. ಅದು ಕಿತ್ತರೆ ಬ್ಲಾಕ್ ಪಕ್ಕದಲ್ಲೇ ಕಿಟಕಿ. ಅದಕ್ಕೆ ನನ್ನ ಲೆಕ್ಕ ಹೀಗೆ: ಯಾವ ಪಾರ್ಟ್ ಮುರಿದರೆ ಪಕ್ಕದ್ದನ್ನೂ ಎಳೆದುಕೊಂಡು ಹೋಗುತ್ತದೋ ಅಲ್ಲಿ ಜಿಪುಣತನ ಬೇಡ. ವಾಲ್ವ್ ಕವರ್, ಏರ್ ಕ್ಲೀನರ್, ಕ್ರೋಮ್ ಹಾಕಿದ ಪುಲ್ಲಿ, ಇವಕ್ಕೆಲ್ಲ ಸದ್ಯಕ್ಕೆ ಹಳೆಯದೇ ಸಾಕು.

ಎರಡನೆಯವರು: ಹೌದು. ಆದರೆ ಎರಕದ ಕ್ರ್ಯಾಂಕ್ ಅಂದ ಕೂಡಲೇ ಮೂಗು ಮುರಿಯಬೇಡಿ. 383 ಹುಟ್ಟಿದ್ದೇ ಷೆವ್ರೊಲೆಯ 400 ಇಂಜಿನ್ನಿನ ಎರಕದ ಕ್ರ್ಯಾಂಕ್‌ನಿಂದ ಅಲ್ವಾ? ಅದರ ಮೇನ್ ಜರ್ನಲ್ಲನ್ನು (ಬ್ಲಾಕಿನ ಬೇರಿಂಗ್ ಒಳಗೆ ತಿರುಗುವ ಭಾಗ) 2.65ರಿಂದ 2.45 ಇಂಚಿಗೆ ತುರಿಸಿ 350 ಬ್ಲಾಕಿಗೆ ಕೂರಿಸುತ್ತಿದ್ದರು. 5800ರ ಒಳಗೆ, 400 ಎಚ್‌ಪಿ ಆಸುಪಾಸು, ನೈಟ್ರಸ್ ಇಲ್ಲ ಅಂದರೆ ಒಳ್ಳೆಯ ಎರಕದ್ದು ಸಾಕಾಗುತ್ತದೆ. ಮುಂದೆ ನೈಟ್ರಸ್ ಹಾಕುವ ಚಪಲ ಇದ್ದರೆ ಮಾತ್ರ ಈಗಲೇ ಫೋರ್ಜ್ಡ್ ತಗೊಳ್ಳಿ. ಎರಡು ಸಲ ಇಂಜಿನ್ ಇಳಿಸುವ ಖರ್ಚು ಕ್ರ್ಯಾಂಕ್‌ನ ಬೆಲೆ ವ್ಯತ್ಯಾಸವನ್ನು ನುಂಗಿಹಾಕುತ್ತದೆ.

ಮೆಷಿನ್ ಶಾಪ್‌ನಲ್ಲಿ ಕೆಲಸ ಮಾಡುವವರು: ಎಲ್ಲರೂ ಪಾರ್ಟ್ ಬಗ್ಗೆಯೇ ಹೇಳುತ್ತಿದ್ದೀರಿ, ಅಳತೆ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಅಗ್ಗದ ಕಿಟ್ ಬಿಚ್ಚಿದಾಗ ನಾನು ಮೊದಲು ಬೆರಳು ಹಾಕುವುದು ಕ್ರ್ಯಾಂಕ್‌ನ ಆಯಿಲ್ ತೂತಿಗೆ. ಅಂಚು ಚೂಪಾಗಿ ಉಗುರಿಗೆ ಸಿಕ್ಕಿದರೆ, ಅದು ಬೇರಿಂಗನ್ನು ಹೆರೆದು ಹಾಕುತ್ತದೆ. ಅದನ್ನು ನುಣುಪು ಮಾಡಿ, ಒಳಗಿನ ಪುಡಿಯನ್ನು ಬ್ರಷ್ ಹಾಕಿ ತೊಳೆಯಬೇಕು. ಆಮೇಲೆ ಮೈಕ್ರೋಮೀಟರ್. ಒಂದೊಂದು ಜರ್ನಲ್ಲನ್ನೂ ಎರಡು ತುದಿಯಲ್ಲಿ, ಎರಡು ದಿಕ್ಕಿನಲ್ಲಿ ಹಿಡಿದು ನೋಡುತ್ತೇನೆ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವ ಹೊಸ ಕ್ರ್ಯಾಂಕ್‌ಗಳೂ ಬರುತ್ತವೆ. ದುಬಾರಿ ಪೆಟ್ಟಿಗೆಯಲ್ಲೂ ಬಂದಿವೆ, ಅದನ್ನೂ ಹೇಳಿಬಿಡುತ್ತೇನೆ. ರಾಡ್‌ನ ದೊಡ್ಡ ತೂತು ದುಂಡಗಿದೆಯೇ ಅಂತಲೂ ನೋಡಿಸಿ.

ಬೇರಿಂಗ್ ಸಂದಿಗೆ ಹಳೆಯ ಲೆಕ್ಕ: ಜರ್ನಲ್ ವ್ಯಾಸದ ಇಂಚಿಗೆ ಒಂದು ಥೌ. ನಿಮ್ಮ 2.45 ಇಂಚಿನ ಮೇನ್‌ಗೆ ಎರಡೂವರೆ ಥೌ ಹತ್ತಿರ, 2.1 ಇಂಚಿನ ರಾಡ್ ಜರ್ನಲ್‌ಗೆ ಎರಡು ಥೌ ಚಿಲ್ಲರೆ. ಕಿಟ್ ಮೇಲೆ 'ಬ್ಯಾಲೆನ್ಸ್ ಆಗಿದೆ' ಅಂತ ಬರೆದಿದ್ದರೂ ಸುಮ್ನೆ ನಂಬಬೇಡಿ, ಒಮ್ಮೆ ತಿರುಗಿಸಿ ನೋಡಿಸಿ.

ಇನ್ನು ಜಾಗದ ವಿಷಯ. ಸ್ಟ್ರೋಕ್ ಜಾಸ್ತಿ ಆದ ಮೇಲೆ ರಾಡ್ ಬೋಲ್ಟ್ ಬ್ಲಾಕ್‌ನ ಕೆಳಗಿನ ಅಂಚಿಗೂ, ಕ್ಯಾಮ್‌ಗೂ (ವಾಲ್ವ್ ತೆರೆಯುವ ದಂಡ) ತಾಗಲು ಬರುತ್ತದೆ. ಬ್ಲಾಕನ್ನು ಅಲ್ಲಲ್ಲಿ ಗ್ರೈಂಡ್ ಮಾಡಬೇಕಾಗಬಹುದು. ಎಲ್ಲ ರಾಡ್ ಹಾಕಿ, ಕ್ಯಾಮ್ ಸರಿಯಾದ ಟೈಮಿಂಗ್‌ನಲ್ಲಿ ಕೂರಿಸಿ, ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಕ್ಯಾಮ್ ಹತ್ತಿರ ಒಂದೂವರೆ ಮಿಲಿಮೀಟರ್ ಆದರೂ ಸಂದಿ ಇರಬೇಕು. ತೀರ ಹತ್ತಿರ ಬಂದರೆ ಕ್ಯಾಪ್ ಸ್ಕ್ರೂ ಇರುವ, ಸ್ಟ್ರೋಕರ್‌ಗೇ ಮಾಡಿದ ರಾಡ್ ತಗೊಳ್ಳಿ. ಈ ಕೆಲಸವೆಲ್ಲ ಕಿಟ್ ಬೆಲೆಯಲ್ಲಿ ಇರುವುದಿಲ್ಲ. ಬಜೆಟ್ ಬರೆಯುವಾಗ ಮೆಷಿನ್ ಕೆಲಸಕ್ಕೆ ಬೇರೆ ಸಾಲು ಹಾಕಿ.

ಇನ್ನೊಬ್ಬರು: ಡ್ಯಾಂಪರ್ (ಕ್ರ್ಯಾಂಕಿನ ಮುಂದಿನ ತುದಿಯ, ನಡುಕ ತಡೆಯುವ ಚಕ್ರ) ಮರೆಯಬೇಡಿ. 400 ಮಾದರಿಯ ಕ್ರ್ಯಾಂಕ್ ಆದರೆ ಬ್ಯಾಲೆನ್ಸ್ ತೂಕ ಹೊರಗೆ ಇರುತ್ತದೆ. ಮುಂದಿನ ಡ್ಯಾಂಪರ್, ಹಿಂದಿನ ಫ್ಲೆಕ್ಸ್‌ಪ್ಲೇಟ್ (ಗೇರ್‌ಬಾಕ್ಸ್ ಕಡೆಯ ತಟ್ಟೆ) ಎರಡೂ 400ರದ್ದೇ ಬೇಕು. ನಿಮ್ಮ 350ರದ್ದು ಹಾಕಿದರೆ ಗಡಗಡ ನಡುಗುತ್ತದೆ. ಒಳಗೇ ಬ್ಯಾಲೆನ್ಸ್ ಆಗುವ ಕ್ರ್ಯಾಂಕ್ ಆದರೆ ಇರುವುದನ್ನೇ ಬಳಸಬಹುದು. ಆ ಎರಡರ ಬೆಲೆ ಸೇರಿಸಿದರೆ ಅಗ್ಗದ ಕಿಟ್ ಅಷ್ಟೇನೂ ಅಗ್ಗ ಅಲ್ಲ.

ಪಿಸ್ಟನ್ ಬಗ್ಗೆ ಒಬ್ಬರು: ನಾನು ಹೈಪರ್‌ಯುಟೆಕ್ಟಿಕ್ ಹಾಕಿ ತುಂಬ ಓಡಿಸಿದ್ದೇನೆ, ತೊಂದರೆ ಇಲ್ಲ. ಸಿಲಿಕಾನ್ ಜಾಸ್ತಿ, ಬಿಸಿಗೆ ಉಬ್ಬುವುದು ಕಡಿಮೆ, ತಣ್ಣಗಿದ್ದಾಗ ಸದ್ದಿಲ್ಲ. ಆದರೆ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಇದಕ್ಕೆ ಆಗಿಬರುವುದಿಲ್ಲ, ಬಿರಿಯುತ್ತದೆ. ಮೇಲಿನ ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದಿ) ತಯಾರಕರು ಹೇಳಿದಷ್ಟು ಬಿಟ್ಟೇ ತೀರಬೇಕು. ಕೆಲವು ಹೈಪರ್ ಪಿಸ್ಟನ್‌ಗಳಲ್ಲಿ ಆ ರಿಂಗ್ ಮೇಲೆ, ಬಿಸಿಯ ಹತ್ತಿರ ಕೂತಿರುತ್ತದೆ. ಮಾಮೂಲಿ ಗ್ಯಾಪ್ ಬಿಟ್ಟರೆ ತುದಿಗೆ ತುದಿ ತಾಗಿ, ಪಿಸ್ಟನ್ ತಲೆಯ ಒಂದು ಚೂರು ರಿಂಗ್ ಸಮೇತ ಎದ್ದು ಬರುತ್ತದೆ. ಆಮೇಲೆ ಜನ ಪಿಸ್ಟನ್ ಕಳಪೆ ಅಂತ ಬೈಯುತ್ತಾರೆ.

ಫೋರ್ಜ್ಡ್‌ನಲ್ಲೂ ಎರಡು ಬಗೆ. 4032, 2618 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹಗಳು. 4032ರಲ್ಲಿ ಸಿಲಿಕಾನ್ ಸುಮಾರು 12%, ಸಿಲಿಂಡರ್ ಗೋಡೆಗೆ ಸಂದಿ ಕಡಿಮೆ ಸಾಕು, ರಸ್ತೆಗೆ ಚೆನ್ನ. 2618 ಪೆಟ್ಟು ತಡೆಯುತ್ತದೆ, ಆದರೆ ಸಂದಿ ಜಾಸ್ತಿ ಬೇಕು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಅನ್ನುತ್ತದೆ. ನಿಮ್ಮ ಬಳಕೆಗೆ 2618 ಬೇಡವೇ ಬೇಡ.

ಮೊದಲ ಉತ್ತರದವರು: ಹಳೆಯ ಹೆಡ್ ಬಗ್ಗೆ ಒಂದು ಮಾತು. ಒಂದು ಸಿಲಿಂಡರ್ 717 ಸಿಸಿಯಿಂದ 784 ಸಿಸಿಗೆ ಹೋಗುತ್ತದೆ. ಪಿಸ್ಟನ್ ಮೇಲೆ ನಿಂತಾಗ ಉಳಿಯುವ ಜಾಗ 88 ಸಿಸಿ ಅಂತಿಟ್ಟುಕೊಳ್ಳಿ. ಕಂಪ್ರೆಷನ್ 9.1ರಿಂದ 9.9ಕ್ಕೆ ಏರುತ್ತದೆ. ಎರಕದ ಕಬ್ಬಿಣದ ಹೆಡ್, ಮಾಮೂಲಿ ಪೆಟ್ರೋಲ್, ಜೊತೆಗೆ ಹೈಪರ್ ಪಿಸ್ಟನ್ ಅಂದರೆ ನಾಕಿಂಗ್ ಬಾಗಿಲಲ್ಲೇ ನಿಂತಿರುತ್ತದೆ. ತಲೆಯಲ್ಲಿ ತಗ್ಗು (ಡಿಶ್) ಇರುವ ಪಿಸ್ಟನ್ ಆರಿಸಿ, ಜಾಗ ಸರಿಯಾಗಿ ಅಳೆಸಿ. ಇನ್ನೊಂದು, ಹಳೆಯ ಹೆಡ್ ಬಿಡುವ ಗಾಳಿ ಅಷ್ಟೇ. ಕೆಳಗಿನ ಟಾರ್ಕ್ ಚೆನ್ನಾಗಿ ಸಿಗುತ್ತದೆ, ಮೇಲೆ ಹೋದಂತೆ ಇಂಜಿನ್ ಬೇಗ ಸುಸ್ತಾಗುತ್ತದೆ. 6500ಕ್ಕೆ ತಡೆಯುವ ಕ್ರ್ಯಾಂಕ್ ಹಾಕಿ, 5000ಕ್ಕೇ ಉಸಿರು ಬಿಡುವ ಹೆಡ್ ಇಟ್ಟರೆ ಏನು ಬಂತು? ಅದಕ್ಕಿಂತ ಎರಕದ ಕ್ರ್ಯಾಂಕ್ ಹಾಕಿ, ಉಳಿದ ದುಡ್ಡು ಹೆಡ್‌ಗೆ ಕೊಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. 5800ಕ್ಕೆ ಮಿತಿ ಹಾಕುತ್ತೇನೆ. ಹಾಗಾದರೆ ಒಳಗೇ ಬ್ಯಾಲೆನ್ಸ್ ಆಗುವ ಎರಕದ ಕ್ರ್ಯಾಂಕ್, ಒಳ್ಳೆಯ ಬೋಲ್ಟ್ ಇರುವ ರಾಡ್, 4032 ಪಿಸ್ಟನ್ ಬಿಡಿಬಿಡಿಯಾಗಿ ತಗೊಂಡರೆ? ಬ್ಲಾಕನ್ನು ಈ ವಾರವೇ ಬೋರ್‌ಗೆ ಕೊಡಲಾ?

ಮೆಷಿನ್ ಶಾಪ್‌ನವರು: ಪಟ್ಟಿ ಚೆನ್ನಾಗಿದೆ. ಬೋರ್‌ಗೆ ಮಾತ್ರ ಅವಸರ ಬೇಡ. ಈ ವಾರ ಬ್ಲಾಕ್ ತೊಳೆಸಿ, ಬಿರುಕು ಇದೆಯೇ, ಸಿಲಿಂಡರ್ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ನೋಡಿಸಿ. ಗೋಡೆ ತೆಳು ಅಂತ ಗೊತ್ತಾದರೆ ಪಾರ್ಟ್‌ಗೆ ದುಡ್ಡು ಕೊಡುವ ಮುಂಚೆಯೇ ಗೊತ್ತಾಗಲಿ. ಪಿಸ್ಟನ್ ಬಂದ ಮೇಲೆ ಎಂಟನ್ನೂ ಬ್ಲಾಕ್ ಜೊತೆಗೇ ಶಾಪ್‌ಗೆ ಕೊಡಿ. ಒಂದೊಂದನ್ನೂ ಅಳೆದು, ಟಾರ್ಕ್ ಪ್ಲೇಟ್ (ಹೆಡ್ ಬಿಗಿದಾಗಿನ ಒತ್ತಡವನ್ನೇ ಬ್ಲಾಕಿಗೆ ಕೊಡುವ ದಪ್ಪ ತಟ್ಟೆ) ಬಿಗಿದು, ಆಯಾ ಪಿಸ್ಟನ್ನಿಗೆ ತಕ್ಕ ಹಾಗೆ ಸಿಲಿಂಡರ್ ಗೋಡೆಯನ್ನು ಹೋನ್ ಮಾಡುತ್ತಾರೆ (ಕಲ್ಲಿನಿಂದ ಉಜ್ಜಿ ಅಳತೆಗೆ ತರುತ್ತಾರೆ). ಟಾರ್ಕ್ ಪ್ಲೇಟ್ ಇಲ್ಲ ಅಂದರೆ ಬೇರೆ ಶಾಪ್ ನೋಡಿ.