ಹುಡುಗರು ಪಾಸ್ ಮಾಡುತ್ತಾರೆ, ಆದರೆ ಬ್ಯಾಸ್ಕೆಟ್ ಆಗುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಸಿಮೆಂಟ್ ಕೋರ್ಟ್:
ಎಲ್ಲರಿಗೂ ನಮಸ್ಕಾರ. ನಾನು ಓದಿದ ಡಿಗ್ರಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮನ್ನು ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಸಂಬಳದ ಕೋಚ್ ಅಲ್ಲ, ಕೆಲಸ ಮುಗಿಸಿ ಸಂಜೆ ಹೋಗುತ್ತೇನೆ. ನಮ್ಮಲ್ಲಿ ಆರಡಿ ದಾಟಿದವನು ಒಬ್ಬನೇ. ಉಳಿದವರೆಲ್ಲ ಐದೂವರೆ, ಐದು ಮುಕ್ಕಾಲು.

ಹೋದ ವರ್ಷ ನಮ್ಮ ಕಷ್ಟ ಏನಿತ್ತು ಅಂದರೆ, ಬಾಲ್ ಸಿಕ್ಕವನು ತಲೆ ತಗ್ಗಿಸಿಕೊಂಡು ಡ್ರಿಬಲ್ ಮಾಡುತ್ತಾ ಮೂವರ ಮಧ್ಯೆ ನುಗ್ಗುತ್ತಿದ್ದ. ಅದನ್ನು ಬಿಡಿಸಬೇಕು ಅಂತ ಈ ವರ್ಷ ಪೂರ್ತಿ "ಪಾಸ್ ಮಾಡ್ರೋ, ಪಾಸ್ ಮಾಡ್ರೋ" ಅಂತ ಕೂಗಿದೆ. ಈಗ ಪಾಸ್ ಮಾಡುತ್ತಾರೆ. ಆದರೆ ಮೂರು ಪಾಯಿಂಟ್ ಗೆರೆಯ ಹೊರಗೇ ಬಾಲ್ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸುತ್ತುತ್ತದೆ. ಡಿಫೆಂಡರ್‌ಗಳು ನಿಂತ ಕಡೆಯೇ ನಿಂತು ನೋಡುತ್ತಿರುತ್ತಾರೆ. ಶಾಟ್ ಹಾಕೋಕೆ ಇರುವ 24 ಸೆಕೆಂಡ್ ಮುಗಿಯುವ ಹೊತ್ತಿಗೆ ಯಾರೋ ಒಬ್ಬ ಗಾಬರಿಯಲ್ಲಿ ದೂರದಿಂದ ಎಸೆಯುತ್ತಾನೆ. ಕಳೆದ ಪಂದ್ಯದಲ್ಲಿ ಹೀಗೇ ಸೋತೆವು, ಎದುರಿನವರು ಆಟದಲ್ಲಿ ನಮಗಿಂತ ಜಾಸ್ತಿ ಏನೂ ಇರಲಿಲ್ಲ, ಎತ್ತರದಲ್ಲಿ ಮಾತ್ರ ಇದ್ದರು. ಹುಡುಗರ ಮುಖ ನೋಡಿ ಬೇಜಾರಾಯಿತು.

"ಬ್ಯಾಸ್ಕೆಟ್‌ಬಾಲ್ ಬುದ್ಧಿ" ಅನ್ನುತ್ತಾರಲ್ಲ, ಅದು ಹುಟ್ಟಿನಿಂದ ಬರುವುದಾ, ಇಲ್ಲಾ ಕಲಿಸಬಹುದಾ? ಕಲಿಸಬಹುದಾದರೆ ಎಲ್ಲಿಂದ ಶುರು ಮಾಡಲಿ?

ಹಳೇ ಫಾರ್ವರ್ಡ್:
ಸರ್, ಕಲಿಸಬಹುದು. ಆದರೆ ನೀವು ಕೂಗಿದ್ದು ಬಾಲ್ ಇದ್ದವನಿಗೆ. ಕೂಗಬೇಕಾದದ್ದು ಬಾಲ್ ಇಲ್ಲದ ನಾಲ್ವರಿಗೆ. ಅವರು ಜರುಗದಿದ್ದರೆ ಪಾಸ್ ಕೊಡುವವನು ಎಷ್ಟೇ ಬುದ್ಧಿವಂತನಾದರೂ ಎಲ್ಲಿಗೆ ಕೊಡುತ್ತಾನೆ?

ಅಮೆರಿಕದ ಕಾಲೇಜು ಆಟದಲ್ಲಿ ಇದಕ್ಕೆ ಒಂದು ಒಳ್ಳೆಯ ಪಂದ್ಯ ಇದೆ. 1996ರ ಮಾರ್ಚ್, ಎನ್‌ಸಿಎಎ, ಅಂದರೆ ಅಲ್ಲಿನ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು, ಇಂಡಿಯಾನಾಪೊಲಿಸ್‌ನಲ್ಲಿ ಪ್ರಿನ್ಸ್‌ಟನ್ ಮತ್ತು ಯುಸಿಎಲ್‌ಎ ಅನ್ನುವ ಎರಡು ಕಾಲೇಜುಗಳ ಮಧ್ಯೆ. ಯುಸಿಎಲ್‌ಎ ಹಿಂದಿನ ವರ್ಷದ ಚಾಂಪಿಯನ್. ಪ್ರಿನ್ಸ್‌ಟನ್ 13ನೇ ಶ್ರೇಯಾಂಕದ ಟೀಮು, ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡದ ಕಾಲೇಜು. ಓಟ, ನೆಗೆತ ಯಾವುದರಲ್ಲೂ ಸರಿಸಾಟಿ ಇರಲಿಲ್ಲ. ಆರು ನಿಮಿಷ ಚಿಲ್ಲರೆ ಬಾಕಿ ಇರುವಾಗ ಯುಸಿಎಲ್‌ಎ 41–34 ಮುಂದಿತ್ತು. ಅಲ್ಲಿಂದಾಚೆ ಅವರಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಪ್ರಿನ್ಸ್‌ಟನ್ 43–41ರಲ್ಲಿ ಗೆದ್ದಿತು.

ಆ ಕೊನೆಯ ಬ್ಯಾಸ್ಕೆಟನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಪ್ರಿನ್ಸ್‌ಟನ್‌ನ ಸೆಂಟರ್ ಸ್ಟೀವ್ ಗುಡ್ರಿಚ್ ಬಾಲ್ ಹಿಡಿದು ರಿಂಗಿನಿಂದ ದೂರ, ಮೇಲೆ, ಅಂದರೆ ಅರ್ಧ ಕೋರ್ಟ್ ಗೆರೆಯ ಕಡೆ ನಿಂತಿದ್ದಾನೆ. ಬದಿಯಲ್ಲಿ ಗೇಬ್ ಲ್ಯೂಲಿಸ್, ಮೊದಲ ವರ್ಷದ ಹುಡುಗ. ಅವನು ಬಾಲ್ ಬೇಕು ಅನ್ನುವ ಹಾಗೆ ಹೊರಗೆ ಒಂದು ಹೆಜ್ಜೆ ಇಡುತ್ತಾನೆ. ಅವನನ್ನು ಕಾಯುತ್ತಿದ್ದವನು ಪಾಸ್ ತಡೆಯೋಣ ಅಂತ ತಾನೂ ಮುಂದೆ ಬರುತ್ತಾನೆ. ಅಷ್ಟೇ ಬೇಕಿತ್ತು. ಲ್ಯೂಲಿಸ್ ಅವನ ಬೆನ್ನ ಹಿಂದಿನಿಂದ ರಿಂಗಿನ ಕಡೆ ನುಗ್ಗಿದ, ಗುಡ್ರಿಚ್ ನೆಲಕ್ಕೆ ಪುಟಿಸಿ ಬೌನ್ಸ್ ಪಾಸ್ ಕೊಟ್ಟ, ಬೋರ್ಡಿಗೆ ತಾಗಿಸಿ ಲೇಅಪ್, ಅಂದರೆ ರಿಂಗಿನ ಹತ್ತಿರದಿಂದಲೇ ಹಾಕುವ ಶಾಟ್. ಉಳಿದದ್ದು ನಾಲ್ಕು ಸೆಕೆಂಡಿಗಿಂತ ಕಡಿಮೆ. ಇದನ್ನೇ ಬ್ಯಾಕ್‌ಡೋರ್ ಕಟ್ ಅನ್ನುವುದು.

ಪ್ರಿನ್ಸ್‌ಟನ್ ಇದನ್ನು ಆಡುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕೋಚ್ ಪೀಟ್ ಕರಿಲ್ 1967ರಿಂದ ಅಲ್ಲಿ ಕಲಿಸುತ್ತಿದ್ದದ್ದೇ ಇದು. ಗೊತ್ತಿದ್ದರೂ ತಡೆಯಲಾಗಲಿಲ್ಲ, ಯಾಕೆಂದರೆ ಅದು ಬಾಯಿಪಾಠ ಮಾಡಿದ ಪ್ಲೇ ಅಲ್ಲ. ಡಿಫೆಂಡರ್ ಮುಂದೆ ಬಂದರೆ ಹಿಂದಿನಿಂದ ಹೋಗು, ಹಿಂದೆ ನಿಂತರೆ ಹೊರಗೇ ಬಾಲ್ ತಗೊಂಡು ಶಾಟ್ ಹಾಕು. ಅವನು ಏನು ಮಾಡಿದರೂ ಅದಕ್ಕೊಂದು ಉತ್ತರ ಇದೆ.

ಇನ್ನೊಂದು, ನಿಮ್ಮ ಆ ಆರಡಿ ಹುಡುಗ ಎಲ್ಲಿ ನಿಲ್ಲುತ್ತಾನೆ? ರಿಂಗಿನ ಕೆಳಗೆ ಅಲ್ವಾ? ಅವನನ್ನು ರಿಂಗಿನ ಎದುರಿನ ಫ್ರೀ ಥ್ರೋ ಗೆರೆಯ ಹತ್ತಿರ ಕರೆತನ್ನಿ. ಅವನ ಜೊತೆ ಎದುರಿನವರ ಎತ್ತರದವನೂ ಮೇಲೆ ಬರಬೇಕಾಗುತ್ತದೆ, ರಿಂಗಿನ ಕೆಳಗೆ ಜಾಗ ಖಾಲಿ. ನಿಮ್ಮ ಗಿಡ್ಡ ಹುಡುಗರು ಓಡಬೇಕಾದದ್ದು ಆ ಖಾಲಿ ಜಾಗಕ್ಕೆ. 2023ರಲ್ಲಿ ಇದೇ ಪ್ರಿನ್ಸ್‌ಟನ್ 15ನೇ ಶ್ರೇಯಾಂಕದಲ್ಲಿದ್ದು ಅರಿಜೋನಾವನ್ನು 59–55ರಲ್ಲಿ ಸೋಲಿಸಿ ಕೊನೆಯ ಹದಿನಾರರವರೆಗೆ ಹೋಯಿತು. ಆ ಟೀಮಿನಲ್ಲಿ ಎಲ್ಲರಿಗಿಂತ ಜಾಸ್ತಿ ಅಸಿಸ್ಟ್ (ನೇರ ಬ್ಯಾಸ್ಕೆಟ್‌ಗೆ ದಾರಿ ಮಾಡುವ ಪಾಸ್) ಕೊಡುತ್ತಿದ್ದವನು ಬಾಲ್ ನಡೆಸುವ ಗಾರ್ಡ್ ಅಲ್ಲ, ಟೋಸನ್ ಎವ್ಬುಮ್ವನ್ ಅನ್ನುವ ಎತ್ತರದ ಫಾರ್ವರ್ಡ್. ಕೋಚ್ ಮಿಚ್ ಹೆಂಡರ್ಸನ್, 1996ರ ಆ ಪಂದ್ಯದಲ್ಲಿ ಆಡಿದವರು.

ಕಾರ್ನರ್ ಶೂಟರ್:
ಮೇಲೆ ಹೇಳಿದ್ದು ಸರಿ, ಆದರೆ ಎರಡು ಎಚ್ಚರಿಕೆ. 1996ರಲ್ಲಿ ಅಮೆರಿಕದ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ 35 ಸೆಕೆಂಡ್. ನಮ್ಮ ಹುಡುಗರಿಗೆ 24. ಪ್ರಿನ್ಸ್‌ಟನ್ ಹಾಗೆ ನಿಧಾನಕ್ಕೆ ಹದಗೊಳಿಸಿ ಆಡುತ್ತೇವೆ ಅಂದರೆ ಗಡಿಯಾರ ಬಿಡುವುದಿಲ್ಲ. ಅರ್ಧ ಕೋರ್ಟ್ ದಾಟುವುದರಲ್ಲೇ ಆರೇಳು ಸೆಕೆಂಡ್ ಹೋಗಿರುತ್ತದೆ. ಹಾಗಾಗಿ ಮೊದಲ ಕಟ್ ಬೇಗ ಆಗಬೇಕು.

ಎರಡನೆಯದು ಶೂಟಿಂಗ್. ಹೊರಗಿನಿಂದ ನಿಮ್ಮವರು ಹಾಕಲ್ಲ ಅಂತ ಗೊತ್ತಾದರೆ ಡಿಫೆಂಡರ್ ಯಾಕೆ ಮುಂದೆ ಬರುತ್ತಾನೆ? ಸುಮ್ನೆ ರಿಂಗಿನ ಹತ್ತಿರ ನಿಂತಿರುತ್ತಾನೆ, ಬೆನ್ನ ಹಿಂದೆ ಜಾಗವೇ ಇರುವುದಿಲ್ಲ. ನಿಮ್ಮ ಪ್ರಶ್ನೆ ಓದಿದರೆ ಈಗ ಆಗುತ್ತಿರುವುದೇ ಇದು ಅನ್ನಿಸುತ್ತದೆ. ಕಡೇ ಪಕ್ಷ ಇಬ್ಬರಾದರೂ ದಿನಾ ನೂರಿನ್ನೂರು ಶಾಟ್ ಹಾಕಲಿ.

ಬುದ್ಧಿ ಅಂದರೆ ಏನು ಅಂತ ತೋರಿಸೋಕೆ ನಾನಾದರೆ ಅದೇ ಎನ್‌ಸಿಎಎ ಟೂರ್ನಿಯ 2016ರ ಫೈನಲ್ ತೋರಿಸುತ್ತೇನೆ. ವಿಲನೋವಾ ಮತ್ತು ನಾರ್ತ್ ಕ್ಯಾರೊಲಿನಾ, 74–74, ಉಳಿದದ್ದು 4.7 ಸೆಕೆಂಡ್. ಬಾಲನ್ನು ಹೊರಗಿನಿಂದ ಒಳಗೆ ಕೊಟ್ಟವನು ಕ್ರಿಸ್ ಜೆಂಕಿನ್ಸ್. ತಗೊಂಡು ಓಡಿದವನು ರಯಾನ್ ಆರ್ಚಿಡಿಯಾಕೊನೊ, ಕೊನೆಯ ವರ್ಷದ ಗಾರ್ಡ್. ಅದು ಅವನ ಕಾಲೇಜು ಜೀವನದ ಕೊನೆಯ ಪಂದ್ಯ, ಶಾಟ್ ತಾನೇ ಎಸೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರ ಕಣ್ಣು ಅವನ ಮೇಲೆ. ಬಾಲ್ ಒಳಗೆ ಕೊಟ್ಟು ಹಿಂದಿನಿಂದ ಓಡಿ ಬರುತ್ತಿದ್ದ ಜೆಂಕಿನ್ಸನ್ನು ಎದುರಿನವರು ಬಿಟ್ಟುಬಿಟ್ಟಿದ್ದರು. ಆರ್ಚಿಡಿಯಾಕೊನೊ ಬಾಲನ್ನು ಅವನಿಗೆ ಬಿಟ್ಟುಕೊಟ್ಟ. ಮೂರು ಪಾಯಿಂಟ್, 77–74. ನಮ್ಮ ಹುಡುಗರು ಬಾಲ್ ಒಳಗೆ ಕೊಟ್ಟ ಮೇಲೆ ಏನು ಮಾಡುತ್ತಾರೆ ನೋಡಿ, ಗೆರೆ ಹತ್ತಿರವೇ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತಾರೆ.

ಪಾಯಿಂಟ್ ಗಾರ್ಡ್ ಅಕ್ಕ:
ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಪಾಯಿಂಟ್ ಗಾರ್ಡ್ ಆಡಿದೆ, ಈಗ ಹೈಸ್ಕೂಲ್ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಎಲ್ಲಿಂದ ಶುರು ಅಂತ ಕೇಳಿದಿರಲ್ಲ, ಅದನ್ನು ಹೇಳುತ್ತೇನೆ.

ಡ್ರಿಬಲ್ ನಿಲ್ಲಿಸಿಬಿಡಿ. ಹದಿನೈದು ನಿಮಿಷ, ಐದು ಜನ ಐದು ಜನ, ಡ್ರಿಬಲ್ ಹೊಡೆದರೆ ಬಾಲ್ ಎದುರಿನವರಿಗೆ. ಇದು ಹೊಸದೇನೂ ಅಲ್ಲ. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಹುಟ್ಟುಹಾಕಿದಾಗ ಬರೆದ 13 ನಿಯಮಗಳಲ್ಲಿ ಡ್ರಿಬಲ್ ಇರಲೇ ಇಲ್ಲ. ಬಾಲ್ ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಡ್ರಿಬಲ್ ಇಲ್ಲ ಅಂದ ಕೂಡಲೇ ಬಾಲ್ ಹಿಡಿದವಳು ತಲೆ ಎತ್ತುತ್ತಾಳೆ, ಉಳಿದವರು ಅವಳನ್ನು ಪಾರು ಮಾಡೋಕೆ ಓಡಿ ಬರುತ್ತಾರೆ. ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೊದಲ ಎರಡು ದಿನ ಬರೀ ಗಲಾಟೆ, ಟರ್ನೋವರ್ ಮೇಲೆ ಟರ್ನೋವರ್, ಅಂದರೆ ಬಾಲ್ ಸುಮ್ಮನೆ ಎದುರಿನವರ ಪಾಲಾಗುತ್ತದೆ. ತಡೆದುಕೊಳ್ಳಿ.

ಆಮೇಲೆ ಏನು ನೋಡಬೇಕು ಅಂತ ಹೇಳಿಕೊಡಿ. "ಕೋರ್ಟ್ ನೋಡು" ಅಂದರೆ ಮಕ್ಕಳಿಗೆ ಏನೂ ಅರ್ಥ ಆಗುವುದಿಲ್ಲ. ನಾನು ಒಂದೇ ಮಾತು ಹೇಳುತ್ತೇನೆ: ನಿನ್ನನ್ನು ಕಾಯುವವಳ ತಲೆ ನೋಡು. ಅವಳ ತಲೆ ಬಾಲ್ ಕಡೆ ತಿರುಗಿತಾ, ಆ ಕ್ಷಣಕ್ಕೆ ಹೊರಡು. ಪಾಸ್ ಕೊಡುವವಳಿಗೂ ಅಷ್ಟೇ, ಗೆಳತಿಯನ್ನು ನೋಡಬೇಡ, ಅವಳನ್ನು ಕಾಯುವವಳ ಕೈ ಎಲ್ಲಿದೆ ನೋಡು. ಕೈ ಮೇಲಿದ್ದರೆ ಬೌನ್ಸ್ ಪಾಸ್, ಕೆಳಗಿದ್ದರೆ ಕಿವಿಯ ಪಕ್ಕದಿಂದ. ಪಾಸ್ ಹೋಗಿ ಸೇರಬೇಕಾದದ್ದು ಅವಳು ಈಗ ಇರುವ ಜಾಗಕ್ಕಲ್ಲ, ಇನ್ನೆರಡು ಹೆಜ್ಜೆಗೆ ಅವಳು ಎಲ್ಲಿರುತ್ತಾಳೋ ಅಲ್ಲಿಗೆ, ಡಿಫೆಂಡರ್ ಇಲ್ಲದ ಕಡೆಯ ಕೈಗೆ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮಾಡಿ. ಪಂದ್ಯದ ದಿನ ಯಾರಾದರೂ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಅಸಿಸ್ಟ್ ಬರೆಯಲಿ. ಅಸಿಸ್ಟ್ ಮಾತ್ರ ಅಲ್ಲ, ಅಸಿಸ್ಟ್‌ಗೆ ಹಿಂದಿನ ಪಾಸ್ ಯಾರು ಕೊಟ್ಟರು ಅದನ್ನೂ ಬರೆಯಲಿ. ನಮ್ಮ ಟೀಮಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಸ್ಕೋರ್‌ಶೀಟ್‌ನಲ್ಲಿ ಅವಳ ಹೆಸರಿನ ಮುಂದೆ ಯಾವಾಗಲೂ ಎರಡು, ನಾಲ್ಕು ಪಾಯಿಂಟ್. ಲೆಕ್ಕ ಬರೆಯೋಕೆ ಶುರು ಮಾಡಿದ ಮೇಲೆ ಗೊತ್ತಾಯಿತು, ನಮ್ಮ ಸುಮಾರು ಬ್ಯಾಸ್ಕೆಟ್‌ಗಳು ಅವಳ ಕೈಯಿಂದಲೇ ಶುರುವಾಗುತ್ತಿದ್ದವು ಅಂತ. ಅದನ್ನು ಎಲ್ಲರ ಮುಂದೆ ಓದಿ ಹೇಳಿದ ದಿನ ಅವಳ ಮುಖ ನೋಡಬೇಕಿತ್ತು.

ಸಿಮೆಂಟ್ ಕೋರ್ಟ್:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಒಂದು ವಾರ ಮಾಡಿ ನೋಡಿ ಬರೆಯುತ್ತಿದ್ದೇನೆ.

ಆರಡಿ ಹುಡುಗನನ್ನು ಮೇಲೆ ಕರೆತಂದೆ. ಮೊದಲ ದಿನ ಅವನಿಗೆ ಸಿಟ್ಟೇ ಬಂತು, "ಸರ್, ನಾನು ರಿಂಗಿಂದ ಇಷ್ಟು ದೂರ ನಿಂತು ಏನ್ ಮಾಡ್ಲಿ?" ಅಂದ. ಡ್ರಿಬಲ್ ಇಲ್ಲದ ಆಟ ಮೂರನೇ ದಿನಕ್ಕೆ ಹಿಡಿತಕ್ಕೆ ಬಂತು. ನಿನ್ನೆ ಕತ್ತಲಾಗುವ ಹೊತ್ತಿಗೆ ಅವನು ಗೆರೆಯ ಹತ್ತಿರ ಬಾಲ್ ಹಿಡಿದು, ಬಲಗಡೆ ಕೊಡುವ ಹಾಗೆ ತೋರಿಸಿ, ಎಡಗಡೆಯಿಂದ ನುಗ್ಗಿದವನಿಗೆ ಬೌನ್ಸ್ ಕೊಟ್ಟ. ಬಾಲ್ ಸಿಮೆಂಟಿಗೆ ಒಂದೇ ಸಲ ಬಡಿದು ನೇರ ಅವನ ಕೈಗೆ ಹೋಯಿತು. ಲೇಅಪ್ ಮಾತ್ರ ತಪ್ಪಿತು! ಆದರೂ ಹತ್ತೂ ಜನ ಚಪ್ಪಾಳೆ ಹೊಡೆದರು. ಪಾಸ್‌ಗೆ ಚಪ್ಪಾಳೆ ಬಿದ್ದದ್ದನ್ನು ನಮ್ಮ ಕೋರ್ಟ್‌ನಲ್ಲಿ ನಾನು ನೋಡಿದ್ದು ಇದೇ ಮೊದಲು.

ಅಕ್ಕ, ಒಂದು ಅನುಮಾನ. ಕಟ್ ಮಾಡಿದವನಿಗೆ ಬಾಲ್ ಸಿಗದಿದ್ದರೆ ಅವನು ರಿಂಗಿನ ಕೆಳಗೇ ನಿಂತುಬಿಡುತ್ತಾನೆ, ಮುಂದಿನವನಿಗೆ ಜಾಗ ಇರುವುದಿಲ್ಲ. ಎತ್ತ ಕಳಿಸಲಿ?

ಪಾಯಿಂಟ್ ಗಾರ್ಡ್ ಅಕ್ಕ:
ನಿಲ್ಲೋಕೆ ಬಿಡಬೇಡಿ. ರಿಂಗಿನ ಕೆಳಗಿಂದ ದಾಟಿ ಎದುರುಗಡೆಯ ಕಾರ್ನರ್‌ಗೆ ಹೋಗಲಿ. ಅವನು ಬಿಟ್ಟ ಜಾಗಕ್ಕೆ ಮೇಲಿನವನು ಇಳಿಯಲಿ, ಉಳಿದವರು ಒಂದೊಂದು ಜಾಗ ಸರಿಯಲಿ. ಮೊದಲು ಡಿಫೆಂಡರ್ ಇಲ್ಲದೆ, ನಡೆದುಕೊಂಡೇ ಮಾಡಿಸಿ. ಕೋರ್ಟ್ ಮೇಲೆ ಸೀಮೆಸುಣ್ಣದಲ್ಲಿ ಐದು ಗುರುತು ಹಾಕಿಬಿಟ್ಟರೆ ಸುಲಭ. ಲೇಅಪ್‌ಗೂ ದಿನಾ ಹತ್ತು ನಿಮಿಷ ಇಡಿ, ಎಡಗೈಯಲ್ಲೂ ಹಾಕಿಸಿ.