ಸಹಾಯ ಬೇಕು: ನೀರು ಬೆರೆತ ಹಾಲು, ವಾಪಸ್ ಕಳಿಸಬೇಕೋ ಬೇಡವೋ?

ಹಳ್ಳಿ ಡೈರಿಯಲ್ಲಿ ಹಾಲು ಅಳೆಯುವವರು, ಸೆಕ್ರೆಟರಿಗಳು ಯಾರಾದ್ರೂ ಇದ್ದರೆ ಸ್ವಲ್ಪ ದಾರಿ ಹೇಳಿ.

ವಯಸ್ಸಾದ ಒಬ್ಬ ಅಜ್ಜಿ ಒಂದೇ ಹಸು ಇಟ್ಕೊಂಡು ಹೊತ್ತಿಗೆ ಐದು ಲೀಟರ್ ಹಾಕ್ತಾರೆ. ಬೆಳಿಗ್ಗೆ ಫ್ಯಾಟ್ 4.1, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಘನಾಂಶ) 8.5. ಸಂಜೆ 3.7, 7.7. ಮೇವು, ಕಾಯಿಲೆ ಕಾರಣ ಆಗಿದ್ರೆ ಎರಡೂ ಹೀಗೆ ಒಂದೇ ಅಳತೆಯಲ್ಲಿ ಇಳಿಯೋದು ಅಪರೂಪ; ಲೆಕ್ಕ ಹಾಕಿದ್ರೆ ಹೆಚ್ಚುಕಡಿಮೆ ಹತ್ತು ಪರ್ಸೆಂಟ್ ನೀರು. ಅದೂ ಸಂಜೆ ಹಾಲಲ್ಲಿ ಫ್ಯಾಟ್ ಸಾಮಾನ್ಯವಾಗಿ ಜಾಸ್ತಿನೇ ಇರ್ಬೇಕು.

ಮಾಪಕ ತೊಳೆದು ಮತ್ತೆ ನೋಡಿದ್ದಾಯ್ತು. ಎರಡು ಸಂಜೆ ಕೊಟ್ಟಿಗೆಯಲ್ಲೇ ನಿಂತು ಕರೆಸಿದಾಗ ಎಸ್‌ಎನ್‌ಎಫ್ 8.5 ಬಂತು. ಮೂರನೇ ದಿನ ಮತ್ತೆ 7.7!

ನಿಯಮದ ಪ್ರಕಾರ ವಾಪಸ್. ಆದ್ರೆ ಸಾಲಲ್ಲಿ ನಿಂತ ಎಲ್ಲರ ಮುಂದೆ ಕ್ಯಾನ್ ತಿರುಗಿಸಿ ಕಳಿಸಿದ್ರೆ ಅಜ್ಜಿ ಮುಖ ಎತ್ತೋಕಾಗಲ್ಲ. ಸುಮ್ಮನೆ ಎಲ್ಲರ ಹಾಲಿನ ಜೊತೆ ಸುರಿದ್ರೆ ನಷ್ಟ ಬೀಳೋದು ಒಳ್ಳೆ ಹಾಲು ಹಾಕೋರ ಬಟವಾಡೆ ಮೇಲೆ. ಕಡಿಮೆ ರೇಟ್ ಕಟ್ಟಿದ್ರೆ ನೀರಿಗೆ ಒಪ್ಪಿಗೆ ಕೊಟ್ಟ ಹಾಗೆ. ಹೋದ ತಿಂಗಳು ಇನ್ನೊಬ್ಬರ ಹಾಲನ್ನ ಇದೇ ಕಾರಣಕ್ಕೆ ತಿರುಗಿಸಿದ್ದೂ ಇದೆ.

ಗುಟ್ಟಾಗಿ ಕರೆದು ಒಂದು ಸಲ ಎಚ್ಚರಿಸಿ ಬಿಡೋದು ನ್ಯಾಯನಾ, ಅಥವಾ ಆ ಇನ್ನೊಬ್ಬರಿಗೆ ಮಾಡಿದ ಅನ್ಯಾಯನಾ? ನಿಮ್ಮ ಡೈರಿಯಲ್ಲಿ ಏನು ಮಾಡ್ತೀರಿ?